ಸಿಡ್ನಿಯ ಶೆಲ್ಲಿ ಬೀಚ್‌ನಲ್ಲಿ ದಡದಿಂದಲೇ ಸ್ಕೂಬಾ: ಮೊದಲ ಸಲ ಇಳಿಯುವವರಿಗೆ

ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದವರು ಸಿಡ್ನಿಗೆ ಬಂದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬೋಟು, ತಲೆಸುತ್ತು, ವಾಂತಿ ಯಾವುದೂ ಇಲ್ಲದೆ ದಡದಿಂದಲೇ ನಡೆದು ಹೋಗಿ ಇಳಿಯುವ ಜಾಗ ಇದೆಯಾ? ಇದೆ. ಮ್ಯಾನ್ಲಿ ಪಕ್ಕದ ಶೆಲ್ಲಿ ಬೀಚ್. ಅದರ ಮುಂದಿರುವ ಪುಟ್ಟ ಕೊಲ್ಲಿಗೆ ಕ್ಯಾಬೇಜ್ ಟ್ರೀ ಬೇ ಅಂತ ಹೆಸರು. 2002ರಿಂದ ಅದು ಸಂರಕ್ಷಿತ ಪ್ರದೇಶ. ಸುಮಾರು 20 ಹೆಕ್ಟೇರ್ ಅಷ್ಟೇ, ಆದರೆ ಅಷ್ಟರೊಳಗೆ 160ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಗುರುತಿಸಿದ್ದಾರೆ. ಯಾವ ರೀತಿಯಲ್ಲೂ ಮೀನು ಹಿಡಿಯುವಂತಿಲ್ಲ, ಸಮುದ್ರಜೀವಿಗಳನ್ನು ಎತ್ತುವಂತಿಲ್ಲ. ಅದಕ್ಕೇ ಇಲ್ಲಿನ ಮೀನುಗಳು ಮನುಷ್ಯರನ್ನು ಕಂಡರೆ ಓಡಿಹೋಗುವುದಿಲ್ಲ.

ಈ ಡೈವ್ ಸುಲಭ ಅನ್ನುವುದು ನಿಜ. ಆಳ ಹೆಚ್ಚೆಂದರೆ 10–12 ಮೀಟರ್. ಮರಳಿನ ಮೇಲೆ ನಡೆದು ಒಳಗೆ ಹೋಗಬಹುದು, ಅದೇ ದಾರಿಯಲ್ಲಿ ವಾಪಸ್ ಬರಬಹುದು. ಆದರೆ ಸುಲಭ ಅಂದದ್ದು ಸಮುದ್ರ ಒಳ್ಳೆಯದಿದ್ದ ದಿನಕ್ಕೆ ಮಾತ್ರ. ಇವತ್ತು ಇಳಿಯಬೇಕೋ ಬೇಡವೋ ಅಂತ ದಡದಲ್ಲಿ ನಿಂತು ತೀರ್ಮಾನ ಮಾಡುವುದೇ ಇಲ್ಲಿ ಕಷ್ಟದ ಕೆಲಸ. ಆ ತೀರ್ಮಾನ ಹೇಗೆ ಮಾಡುವುದು ಅನ್ನುವುದಕ್ಕೆ ಕೆಳಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ನೀವು ಇಳಿಯಬಹುದಾ, ಮೊದಲು ಅದನ್ನು ನೋಡಿಕೊಳ್ಳಿ

ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗಿ ನೇತ್ರಾಣಿಯಲ್ಲಿ ಹೆಚ್ಚಿನವರು ಮಾಡುವುದು ಪರಿಚಯದ ಡೈವ್. ಅಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಗಾಳಿ, ಆಳ, ದಿಕ್ಕು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಅದು ಒಳ್ಳೆಯ ಅನುಭವ, ಆದರೆ ಅದಷ್ಟರಿಂದ ಸ್ವಂತವಾಗಿ ಇಳಿಯುವ ಅರ್ಹತೆ ಬರುವುದಿಲ್ಲ.

ನಿಮ್ಮ ಹತ್ತಿರ ಓಪನ್ ವಾಟರ್ ಸರ್ಟಿಫಿಕೇಟ್ ಇದ್ದರೆ, ಅಂದರೆ ಕೆಲವು ದಿನಗಳ ಮೂಲ ತರಬೇತಿ ಮುಗಿಸಿ ಜೊತೆಗಾರರೊಂದಿಗೆ 18 ಮೀಟರ್ ವರೆಗೆ ಹೋಗುವ ಅನುಮತಿ ಪಡೆದಿದ್ದರೆ, ಇಲ್ಲಿ ಬಡ್ಡಿ ಜೊತೆ ಇಳಿಯಬಹುದು. ಬಡ್ಡಿ ಎಂದರೆ ನೀರಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜೋಡಿ. ಸರ್ಟಿಫಿಕೇಟ್ ಇಲ್ಲವಾ? ಮ್ಯಾನ್ಲಿಯ ಡೈವ್ ಅಂಗಡಿಯಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಬುಕ್ ಮಾಡಿ. ಸರ್ಟಿಫಿಕೇಟ್ ಇದ್ದರೂ ವರ್ಷಗಟ್ಟಲೆ ನೀರಿಗೆ ಇಳಿದಿಲ್ಲವಾದರೆ, ಅಥವಾ ಬೆಚ್ಚಗಿನ ನೀರಿನಲ್ಲಿ ಮಾತ್ರ ಡೈವ್ ಮಾಡಿದ್ದರೆ, ಮೊದಲ ಸಲ ಗೈಡ್ ಕರೆದುಕೊಂಡು ಹೋಗಿ ಅನ್ನುತ್ತೇನೆ. ದಪ್ಪ ಸೂಟ್, ಜಾಸ್ತಿ ತೂಕ, ತಣ್ಣೀರು ಮೂರೂ ಒಟ್ಟಿಗೆ ಬಂದಾಗ ಗೊತ್ತಿದ್ದ ಕೆಲಸವೂ ಹೊಸದಾಗಿ ಕಾಣುತ್ತದೆ.

ಆರೋಗ್ಯದ ಪ್ರಶ್ನಾವಳಿಯಲ್ಲಿ ಸುಳ್ಳು ಬರೆಯಬೇಡಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಏನಾದರೂ ಆಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ನೆಗಡಿ, ಮೂಗು ಕಟ್ಟಿದ್ದರೆ ಅವತ್ತು ಡೈವ್ ಬೇಡವೇ ಬೇಡ. ಮಾತ್ರೆ ನುಂಗಿ ಇಳಿಯುವುದು ಕೆಟ್ಟ ಅಭ್ಯಾಸ. ಮಾತ್ರೆಯ ಪ್ರಭಾವ ಕೆಳಗಿದ್ದಾಗ ಇಳಿದುಹೋದರೆ, ಮೇಲೆ ಬರುವಾಗ ಸೈನಸ್ ಒಳಗೆ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ.

2. ಯಾವ ತಿಂಗಳು ಬರಬೇಕು

ನನ್ನನ್ನು ಕೇಳಿದರೆ ಫೆಬ್ರವರಿಯಿಂದ ಮೇ. ಇಲ್ಲಿ ಋತುಗಳು ನಮ್ಮೂರಿನ ಲೆಕ್ಕಕ್ಕೆ ತಿರುವುಮುರುವು: ಫೆಬ್ರವರಿ ಬೇಸಿಗೆ, ಆಗಸ್ಟ್ ಚಳಿಗಾಲ. ಬೇಸಿಗೆಯ ಕೊನೆಗೆ ನೀರು 22–23 ಡಿಗ್ರಿ ಇರುತ್ತದೆ. ಉತ್ತರದಿಂದ ಹರಿದು ಬರುವ ಈಸ್ಟ್ ಆಸ್ಟ್ರೇಲಿಯನ್ ಕರೆಂಟ್ ಎಂಬ ಬೆಚ್ಚಗಿನ ಪ್ರವಾಹ ಗ್ರೇಟ್ ಬ್ಯಾರಿಯರ್ ರೀಫ್ ಕಡೆಯ ಮರಿಮೀನುಗಳನ್ನು ಇಲ್ಲಿತನಕ ಹೊತ್ತು ತರುತ್ತದೆ. ಹಾಗಾಗಿ ತಂಪು ಸಮುದ್ರದ ಕೆಲ್ಪ್ ಎಂಬ ದೊಡ್ಡ ಕಂದು ಪಾಚಿಯ ಪಕ್ಕದಲ್ಲೇ ಬೆರಳುಗಾತ್ರದ ಬಟರ್‌ಫ್ಲೈ ಮೀನು ಕಾಣುತ್ತದೆ. ಚಳಿಗಾಲ ಬಂದ ಮೇಲೆ ಅವುಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ.

ಚಳಿಗಾಲದ ಕೊನೆಗೆ ನೀರು 15–17 ಡಿಗ್ರಿಗೆ ಇಳಿಯುತ್ತದೆ. ಆದರೆ ಪೋರ್ಟ್ ಜಾಕ್ಸನ್ ಶಾರ್ಕ್‌ಗಳು ದಡದ ಹತ್ತಿರ ಬರುವುದು ಆಗಲೇ. ಚಳಿ ತಡೆಯುವವರಿಗೆ ಅದೂ ಒಳ್ಳೆಯ ಕಾಲ.

ಒಂದು ಎಚ್ಚರಿಕೆ. ವಸಂತ, ಬೇಸಿಗೆಯಲ್ಲಿ ಈಶಾನ್ಯದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಕಡಲಿನ ಕಡೆಗೆ ಸರಿದು, ಆಳದ ತಣ್ಣೀರು ದಡಕ್ಕೆ ಬರುತ್ತದೆ. ಹೊರಗೆ ಮೂವತ್ತು ಡಿಗ್ರಿ ಬಿಸಿಲು, ಒಳಗೆ ಹದಿನೇಳು ಡಿಗ್ರಿ ನೀರು. ಕ್ಯಾಲೆಂಡರ್ ನೋಡಿ ಸೂಟ್ ಆರಿಸಬೇಡಿ, ಹಿಂದಿನ ದಿನದ ನೀರಿನ ಉಷ್ಣತೆ ನೋಡಿ ಆರಿಸಿ.

3. ಬೆಳಿಗ್ಗೆ ಸಮುದ್ರ ನೋಡಿ ತೀರ್ಮಾನ ಮಾಡಿ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿದ್ದೂ ಶೆಲ್ಲಿ ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ. ದಕ್ಷಿಣದಿಂದ ಬರುವ ಗಾಳಿ, ಅಲೆಗಳಿಗೆ ಗುಡ್ಡ ಅಡ್ಡ ನಿಲ್ಲುತ್ತದೆ. ಅದಕ್ಕೇ ಬೇರೆ ಬೀಚ್‌ಗಳಲ್ಲಿ ಅಲೆ ಅಬ್ಬರಿಸುವ ದಿನವೂ ಇಲ್ಲಿ ನೀರು ಎಷ್ಟೋ ಸಲ ಶಾಂತವಾಗಿರುತ್ತದೆ. ಆದರೆ ಉತ್ತರ ಅಥವಾ ಈಶಾನ್ಯದಿಂದ ಬರುವ ಸ್ವೆಲ್ ನೇರ ಒಳಗೇ ನುಗ್ಗುತ್ತದೆ. ಸ್ವೆಲ್ ಎಂದರೆ ದೂರದ ಗಾಳಿಯಿಂದ ಹುಟ್ಟಿ ದಡದವರೆಗೂ ಸಾಗಿ ಬರುವ ಉದ್ದನೆಯ ಅಲೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಎಲ್ಲರೂ ಅಲೆಯ ಎತ್ತರ ಮಾತ್ರ ನೋಡುತ್ತಾರೆ. ಇಲ್ಲಿ ದಿಕ್ಕು ಅದಕ್ಕಿಂತ ಮುಖ್ಯ. ದಕ್ಷಿಣದ ಒಂದೂವರೆ ಮೀಟರ್ ಸ್ವೆಲ್ ಇದ್ದರೂ ಡೈವ್ ಚೆನ್ನಾಗಿರಬಹುದು, ಈಶಾನ್ಯದ ಒಂದು ಮೀಟರ್ ಇದ್ದರೆ ಕೆಟ್ಟುಹೋಗಬಹುದು.

ದಡಕ್ಕೆ ಬಂದ ತಕ್ಷಣ ಸೂಟ್ ಹಾಕಬೇಡಿ. ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಎರಡು ನಿಮಿಷ ಶಾಂತವಾಗಿ ಕಂಡು, ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರಬಹುದು. ಬಲಗಡೆಯ ಬಂಡೆಗಳ ಮೇಲೆ ಬಿಳಿ ನೊರೆ ಹತ್ತಿ ಇಳಿಯುತ್ತಿದ್ದರೆ ಕೆಳಗೆ ಸರ್ಜ್ ಇದೆ ಎಂದರ್ಥ. ಸರ್ಜ್ ಎಂದರೆ ಅಲೆ ಹಾದುಹೋಗುವಾಗ ತಳದ ನೀರು ನಿಮ್ಮನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವುದು.

ಜೋರು ಮಳೆ ಬಂದ ಮೇಲೆ ಕನಿಷ್ಠ ಒಂದು ದಿನ ಬಿಡಿ. ರಸ್ತೆ, ಚರಂಡಿಯ ನೀರೆಲ್ಲ ಸಮುದ್ರಕ್ಕೇ ಬರುತ್ತದೆ. ಕೊಳಕಿನ ಮಾತು ಬಿಡಿ, ಕೆಳಗೆ ಏನೂ ಕಾಣುವುದೂ ಇಲ್ಲ.

ಇಬ್ಬರಲ್ಲಿ ಒಬ್ಬರಿಗೆ ಬೇಡ ಅನ್ನಿಸಿದರೂ ಡೈವ್ ಇಲ್ಲ. ಕಾರಣ ಹೇಳಬೇಕಾಗಿಲ್ಲ. ದೂರದಿಂದ ಬಂದಿದ್ದೇವೆ, ಬಾಡಿಗೆ ಕೊಟ್ಟಾಗಿದೆ ಅನ್ನುವುದು ಇಳಿಯಲು ಕಾರಣವಾಗಬಾರದು.

4. ತಲುಪುವುದು, ಸಾಮಾನು ಹೊಂದಿಸುವುದು

ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಫೆರಿ ಇದೆ, ಸುಮಾರು ಅರ್ಧ ಗಂಟೆ. ಅಲ್ಲಿಂದ ಕೋರ್ಸೋ ರಸ್ತೆ ದಾಟಿ, ಸಮುದ್ರದ ಪಕ್ಕದ ಕಾಲುದಾರಿಯಲ್ಲಿ ಫೇರಿ ಬೋವರ್ ಕಡೆ ನಡೆದರೆ ಶೆಲ್ಲಿ ಬೀಚ್ ಸಿಗುತ್ತದೆ. ಬರಿಗೈಯಲ್ಲಿ ಚಂದದ ನಡಿಗೆ, ಸಿಲಿಂಡರ್ ಹೊತ್ತುಕೊಂಡು ಬೇಡ. ಕಾರು ತಂದರೆ ಬೀಚ್ ಪಕ್ಕದಲ್ಲೇ ಹಣ ಕೊಟ್ಟು ನಿಲ್ಲಿಸುವ ಜಾಗ ಇದೆ. ವಾರಾಂತ್ಯದಲ್ಲಿ ಬೆಳಿಗ್ಗೆ ಬೇಗನೇ ತುಂಬುತ್ತದೆ. ಶೌಚಾಲಯ, ಸ್ನಾನಕ್ಕೆ ಶವರ್ ಎರಡೂ ಇವೆ.

ಬೇಕಾಗುವುದು: 5 ಮಿಲಿಮೀಟರ್ ವೆಟ್‌ಸೂಟ್ (ಚಳಿಗಾಲದಲ್ಲಿ 7, ಜೊತೆಗೆ ತಲೆಗೆ ಹುಡ್), ಬೂಟ್, ಫಿನ್ಸ್ (ಈಜಲು ಪಾದಕ್ಕೆ ಹಾಕುವ ರೆಕ್ಕೆ), ಮಾಸ್ಕ್, ಬಿಸಿಡಿ, ರೆಗ್ಯುಲೇಟರ್, ತೂಕ, ಡೈವ್ ಕಂಪ್ಯೂಟರ್, ದಿಕ್ಸೂಚಿ, ಮೇಲೆ ಬರುವಾಗ ಹಾರಿಸುವ ಉದ್ದನೆಯ ಕಿತ್ತಳೆ ಬಲೂನು. ಬಿಸಿಡಿ ಅಂದರೆ ಗಾಳಿ ತುಂಬಿ ತೇಲುವಿಕೆಯನ್ನು ಹೆಚ್ಚುಕಡಿಮೆ ಮಾಡುವ ಜಾಕೆಟ್. ರೆಗ್ಯುಲೇಟರ್ ಅಂದರೆ ಸಿಲಿಂಡರಿನ ಒತ್ತಡವನ್ನು ಉಸಿರಾಟಕ್ಕೆ ತಕ್ಕಂತೆ ತಗ್ಗಿಸಿ ಬಾಯಿಗೆ ಗಾಳಿ ಕೊಡುವ ಉಪಕರಣ.

ಬಾಡಿಗೆ ಸಾಮಾನನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಬೀಳದೆ ನಿಂತರೆ ಸರಿ. ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದು, ಒತ್ತಡದ ಮುಳ್ಳನ್ನು ನೋಡುತ್ತಾ ನಾಲ್ಕು ಸಲ ಉಸಿರಾಡಿ. ಉಸಿರು ಎಳೆದಾಗಲೆಲ್ಲ ಮುಳ್ಳು ಕುಣಿದರೆ ವಾಲ್ವ್ ಸರಿಯಾಗಿ ತೆರೆದಿಲ್ಲ.

5. ತೂಕ ಸರಿಮಾಡಿಕೊಳ್ಳುವುದು

ಬೆಚ್ಚಗಿನ ನೀರಿನಿಂದ ಬಂದವರು ಎಡವುವುದು ಇಲ್ಲೇ. ನೇತ್ರಾಣಿಯಲ್ಲಿ ತೆಳು ಸೂಟಿಗೆ ಹಾಕಿದ ತೂಕ ಇಲ್ಲಿ ಸಾಲುವುದಿಲ್ಲ. ದಪ್ಪ ಸೂಟಿನ ರಬ್ಬರಿನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿವೆ, ಅದು ನಿಮ್ಮನ್ನು ಮೇಲಕ್ಕೆ ಎತ್ತುತ್ತದೆ. ಹಾಗಂತ ಅಂದಾಜಿನಲ್ಲಿ ಸೀಸ ತುಂಬಿಕೊಂಡರೆ ತಳಕ್ಕೆ ಬಿದ್ದು, ಬಿಸಿಡಿಗೆ ಗಾಳಿ ತುಂಬಿ, ಏಳುತ್ತಾ ಬೀಳುತ್ತಾ ಮರಳೆಬ್ಬಿಸಿಕೊಂಡು ಹೋಗಬೇಕಾಗುತ್ತದೆ.

ಎದೆಯಿಂದ ಮೇಲಿನ ಆಳದ ನೀರಿಗೆ ಹೋಗಿ. ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಕಾಲು ಆಡಿಸದೆ ನೆಟ್ಟಗೆ ನಿಂತು, ಸಾಧಾರಣ ಉಸಿರು ಎಳೆದು ಕ್ಷಣ ಹಿಡಿಯಿರಿ. ನೀರಿನ ಮಟ್ಟ ಕಣ್ಣಿಗೆ ಬರಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಇದನ್ನು ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಒಂದು ಲೆಕ್ಕ ಸೇರಿಸಬೇಕು. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಸುಮಾರು 3 ಕೆಜಿ ತೂಗುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಅದರ ಬಹುಪಾಲು ಖಾಲಿಯಾಗಿ ನೀವು ಹಗುರಾಗಿರುತ್ತೀರಿ. ಹಾಗಾಗಿ ಇನ್ನು 2 ಕೆಜಿ ಸೇರಿಸಿಕೊಳ್ಳಿ. ಸೇರಿಸದಿದ್ದರೆ ಕೊನೆಗೆ 5 ಮೀಟರಿನಲ್ಲಿ ನಿಲ್ಲಲು ಆಗದೆ ಬುಡುಬುಡು ಮೇಲೆ ಬರುತ್ತೀರಿ.

ಅಂತಿಮ ಲೆಕ್ಕವನ್ನು ಬರೆದಿಟ್ಟುಕೊಳ್ಳಿ: ಯಾವ ಸೂಟ್, ಯಾವ ಸಿಲಿಂಡರ್, ಎಷ್ಟು ಕೆಜಿ. ಮುಂದಿನ ಸಲ ಅರ್ಧ ಗಂಟೆ ಉಳಿಯುತ್ತದೆ.

6. ನೀರಿಗೆ ಇಳಿಯುವುದು

ದಡದಲ್ಲೇ ಬಡ್ಡಿಯ ಜೊತೆ ಮಾತು ಮುಗಿಸಿ: ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಾಳಿ ಇದ್ದಾಗ ತಿರುಗುತ್ತೇವೆ, ಒಬ್ಬರನ್ನೊಬ್ಬರು ಕಳೆದುಕೊಂಡರೆ ಏನು ಮಾಡುತ್ತೇವೆ. ಒಂದು ನಿಮಿಷ ಸುತ್ತ ಹುಡುಕುವುದು, ಸಿಗದಿದ್ದರೆ ಇಬ್ಬರೂ ನಿಧಾನವಾಗಿ ಮೇಲೆ ಬರುವುದು. ಇಷ್ಟು ಸಾಕು.

ಮಾಸ್ಕಿನ ಒಳಗೆ ಉಗುಳು ಹಚ್ಚಿ ತೊಳೆದುಕೊಳ್ಳಿ, ಮಂಜು ಹಿಡಿಯುವುದಿಲ್ಲ. ಬಿಸಿಡಿಗೆ ಅರ್ಧ ಗಾಳಿ ತುಂಬಿ, ಮಾಸ್ಕ್ ಹಾಕಿ, ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡೇ ನಡೆಯಿರಿ. ಫಿನ್ಸ್ ಕೈಯಲ್ಲಿರಲಿ. ಪಾದವನ್ನು ಎತ್ತಿ ಇಡಬೇಡಿ, ಮರಳಿನ ಮೇಲೆ ಎಳೆಯುತ್ತಾ ಹೋಗಿ. ಮರಳಿನಡಿ ತೊರಕೆ ಮೀನು ಮಲಗಿದ್ದರೆ ಸದ್ದಿಗೆ ಎದ್ದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಸೊಂಟದ ಮಟ್ಟಕ್ಕೆ ನೀರು ಬಂದಾಗ ಬಡ್ಡಿಯ ಭುಜ ಹಿಡಿದು ಒಬ್ಬೊಬ್ಬರಾಗಿ ಫಿನ್ಸ್ ಹಾಕಿಕೊಳ್ಳಿ.

ಈಜುಗಾರರು, ಕಯಾಕ್, ಪ್ಯಾಡಲ್ ಬೋರ್ಡ್‌ನವರು ಇಲ್ಲಿ ಯಾವಾಗಲೂ ಇರುತ್ತಾರೆ. ದಿನಾ ಬೆಳಿಗ್ಗೆ 7ಕ್ಕೆ ಮ್ಯಾನ್ಲಿಯಿಂದ ಗುಲಾಬಿ ಟೋಪಿ ಹಾಕಿದ ದೊಡ್ಡ ಗುಂಪೊಂದು ಶೆಲ್ಲಿಗೆ ಈಜಿ ಬರುತ್ತದೆ. ಅವರು ಹಾದುಹೋಗುವ ತನಕ ಕಾಯುವುದು ಎಲ್ಲರಿಗೂ ಒಳ್ಳೆಯದು.

7. ಕೆಳಗಿನ ದಾರಿ

ನೀರಿನ ಕಡೆ ಮುಖ ಮಾಡಿ ನಿಂತಾಗ ಬಲಗಡೆಯ ಬಂಡೆಸಾಲು ಮೊದಲ ಸಲಕ್ಕೆ ಸರಿಯಾದದ್ದು. ಬೀಚಿನ ಬಲ ಮೂಲೆಯ ಹತ್ತಿರ ಎರಡು ಮೂರು ಮೀಟರ್ ಆಳದಲ್ಲಿ ಇಳಿಯಿರಿ. ತಲೆ ಮುಳುಗುವ ಮೊದಲೇ ಕಿವಿ ಸರಿಮಾಡಲು ಶುರುಮಾಡಿ: ಮೂಗು ಹಿಡಿದು ಮೆಲ್ಲಗೆ ಊದಿ, ಆಮೇಲೆ ಪ್ರತಿ ಅರ್ಧ ಮೀಟರಿಗೊಮ್ಮೆ. ನೋವು ಬಂದ ಮೇಲೆ ಊದಿದರೆ ತಡವಾಯಿತು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ.

ಬಂಡೆ ಮುಗಿದು ಮರಳು ಶುರುವಾಗುವ ಗೆರೆ ನಿಮ್ಮ ದಾರಿ. ಬಂಡೆ ಬಲಕ್ಕಿರುವಂತೆ ಹೋಗಿ, ಎಡಕ್ಕಿರುವಂತೆ ವಾಪಸ್ ಬನ್ನಿ. ದಿಕ್ಸೂಚಿ ಇದ್ದರೂ ಈ ಗೆರೆ ಬಿಡಬೇಡಿ. ಗುಡ್ಡದ ತುದಿ ದಾಟಿ ಹೊರಗೆ ಹೋಗಬೇಡಿ. ಅಲ್ಲಿ ಗುಡ್ಡದ ಮರೆ ಮುಗಿದು ತೆರೆದ ಸಾಗರದ ಸ್ವೆಲ್ ಸಿಗುತ್ತದೆ.

ಗಾಳಿ ಅರ್ಧಕ್ಕೆ ಬರುವ ಮೊದಲೇ, ಅಂದರೆ 200 ಬಾರ್ ಇಂದ ಹೊರಟಿದ್ದರೆ 120 ತೋರಿಸಿದಾಗ ತಿರುಗಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಗಾಳಿಯೂ ಎರಡರಷ್ಟು ಬೇಗ ಖರ್ಚಾಗುತ್ತದೆ. ತಣ್ಣೀರಿನಲ್ಲಿ ಉಸಿರು ಇನ್ನೂ ಜೋರಾಗುತ್ತದೆ. 50 ಬಾರ್ ಉಳಿದಿರುವಾಗ ದಡದ ಹತ್ತಿರ ಇರಬೇಕು.

ಸರ್ಜ್ ಬಂದಾಗ ಎದುರು ಈಜಬೇಡಿ. ಅದು ಮುಂದಕ್ಕೆ ಒಯ್ಯುವಾಗ ಕಾಲಾಡಿಸಿ, ಹಿಂದಕ್ಕೆ ಎಳೆಯುವಾಗ ಸುಮ್ಮನಿರಿ. ಕೆಲ್ಪ್ ಎಲೆ ಸಿಲಿಂಡರಿಗೆ ಸಿಕ್ಕಿಕೊಂಡರೆ ಗಿರಗಿರ ತಿರುಗಬೇಡಿ. ನಿಂತು, ಒಂದೊಂದಾಗಿ ಬಿಡಿಸಿ. ಬಗ್ಗಿಸಿ ಮುರಿದರೆ ಮುರಿಯುತ್ತದೆ, ಎಳೆದರೆ ಹರಿಯುವುದಿಲ್ಲ.

8. ಏನು ನೋಡುವುದು, ಹೇಗೆ ನೋಡುವುದು

ಮೊದಲ ಸಲ ಬಂದವರು ಈಜುತ್ತಲೇ ಇರುತ್ತಾರೆ, ಮೇಲೆ ಬಂದು ಏನೂ ಕಾಣಲಿಲ್ಲ ಅನ್ನುತ್ತಾರೆ. ಹವಳದ ದಿಬ್ಬಗಳಂತೆ ಇಲ್ಲಿ ಬಣ್ಣ ಕಣ್ಣಿಗೆ ರಾಚುವುದಿಲ್ಲ. ಮೇಲ್ನೋಟಕ್ಕೆ ಕಂದು, ಹಸಿರು ಅಷ್ಟೇ. ಒಂದು ಬಂಡೆಯ ಮುಂದೆ ಐದು ನಿಮಿಷ ತೇಲುತ್ತಾ ನಿಲ್ಲಿ. ಕೆಲ್ಪ್ ಎಲೆ ಒಂದು ಕಡೆ ವಾಲಿದಾಗ ಅದರಡಿಯ ಕಲ್ಲು ಕಾಣುತ್ತದೆ: ಗುಲಾಬಿ ಬಣ್ಣದ ಪಾಚಿಯ ಲೇಪ, ಕಿತ್ತಳೆ ಸ್ಪಂಜು, ಮುಳ್ಳು ಆಡಿಸುವ ಸೀ ಅರ್ಚಿನ್, ಅದರ ಪಕ್ಕ ಉಗುರಿನಷ್ಟು ದೊಡ್ಡ ಮೀನು. ಎಲೆ ವಾಪಸ್ ವಾಲಿದಾಗ ಎಲ್ಲ ಮುಚ್ಚಿಹೋಗುತ್ತದೆ. ಒಂದು ಟಾರ್ಚ್ ಇಟ್ಟುಕೊಳ್ಳಿ. ನೀರು ಕೆಂಪನ್ನು ಹೀರಿಬಿಡುತ್ತದೆ, ಟಾರ್ಚ್ ಹಾಕಿದಾಗಲೇ ನಿಜವಾದ ಬಣ್ಣ ಬರುತ್ತದೆ.

ಈಸ್ಟರ್ನ್ ಬ್ಲೂ ಗ್ರೋಪರ್ ಅನ್ನು ನೀವು ಹುಡುಕಬೇಕಾಗಿಲ್ಲ, ಅದೇ ಹತ್ತಿರ ಬರುತ್ತದೆ. ಒಂದು ಮೀಟರ್ ಉದ್ದ ಬೆಳೆಯುವ ಗಾಢ ನೀಲಿ ಮೀನು, ಕಣ್ಣು ಮಾತ್ರ ಒಂದೊಂದು ಕಡೆ ಹೊರಳಿಸಿ ನಿಮ್ಮನ್ನೇ ನೋಡುತ್ತದೆ. 1998ರಿಂದ ಅದು ನ್ಯೂ ಸೌತ್ ವೇಲ್ಸ್ ರಾಜ್ಯದ ಅಧಿಕೃತ ಮೀನು. ಹುಟ್ಟುವಾಗ ಎಲ್ಲವೂ ಹೆಣ್ಣು, ಕಂದು ಬಣ್ಣ. ದೊಡ್ಡದಾದ ಮೇಲೆ ಕೆಲವು ಗಂಡಾಗಿ ನೀಲಿಗೆ ತಿರುಗುತ್ತವೆ. ಅಂದರೆ ಒಂದು ನೀಲಿ ಮೀನು ಎಷ್ಟೋ ವರ್ಷ ಬದುಕಿ ಅಲ್ಲಿಗೆ ಬಂದಿರುತ್ತದೆ. ಅದಕ್ಕೆ ಅರ್ಚಿನ್ ಒಡೆದು ತಿನ್ನಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಕೈಯಿಂದ ತಿಂದು ಕಲಿತ ಮೀನು ಈ ಕೊಲ್ಲಿಯ ಹೊರಗೆ ಈಟಿ ಹಿಡಿದವನ ಹತ್ತಿರವೂ ಹಾಗೇ ಹೋಗುತ್ತದೆ.

ಬಂಡೆಯ ಚಾಚಿನ ಕೆಳಗೆ ಬಗ್ಗಿ ನೋಡಿ. ವೊಬೆಗಾಂಗ್ ಶಾರ್ಕ್ ಮಲಗಿರಬಹುದು. ಚಪ್ಪಟೆ ಮೈ, ಬಾಯಿಯ ಸುತ್ತ ಪಾಚಿಯಂಥ ಚರ್ಮದ ಅಂಚು, ಕಲ್ಲಿನ ಬಣ್ಣ. ಅಲುಗಾಡುವುದೇ ಇಲ್ಲ. ಬಾಲ ಮುಟ್ಟಿದರೆ ಮಾತ್ರ ಮೈ ಬಗ್ಗಿಸಿ ಕಚ್ಚುತ್ತದೆ, ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ. ಸರ್ಜ್ ಇದ್ದಾಗ ಕೈಯೂರುವ ಮೊದಲು ಎಲ್ಲಿ ಊರುತ್ತಿದ್ದೇನೆ ಅಂತ ನೋಡಿ.

ಬೇಸಿಗೆ ಕೊನೆಯ ತಿಂಗಳುಗಳಲ್ಲಿ ಮೀಟರ್ ಉದ್ದದ ಡಸ್ಕಿ ವೇಲರ್ ಮರಿ ಶಾರ್ಕ್‌ಗಳು ಮರಳಿನ ಮೇಲೆ ಸುಳಿದಾಡುತ್ತವೆ. ಅವು ನಾಚಿಕೆ ಸ್ವಭಾವದವು, ಗುಳ್ಳೆಗಳ ಸದ್ದಿಗೇ ದೂರ ಹೋಗುತ್ತವೆ. ಬೆನ್ನಟ್ಟಬೇಡಿ. ಚಳಿಗಾಲದಲ್ಲಿ ಪೋರ್ಟ್ ಜಾಕ್ಸನ್ ಶಾರ್ಕ್‌ನ ಮೊಟ್ಟೆ ಕಂಡೀತು. ತಿರುಗುಣಿ ಸ್ಕ್ರೂ ಆಕಾರದ ಕಂದು ಚೀಲ ಅದು, ಬಂಡೆ ಸಂದಿಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಮರಿ ಹೊರಬರಲು ಸುಮಾರು ಹತ್ತು ತಿಂಗಳು ಬೇಕು. ಕೀಳಬೇಡಿ.

ಜೈಂಟ್ ಕಟಲ್‌ಫಿಶ್ ಸಿಕ್ಕಿದರೆ ಉಳಿದ ಡೈವ್ ಪೂರ್ತಿ ಅದಕ್ಕೇ ಕೊಡಿ. ನಮ್ಮ ಕರಾವಳಿಯವರಿಗೆ ಗೊತ್ತಿರುವ ಬೊಂಡಾಸಿನ (ಸ್ಕ್ವಿಡ್) ಬಂಧು, ಕಟಲ್‌ಫಿಶ್‌ಗಳಲ್ಲೇ ಜಗತ್ತಿನ ಅತಿ ದೊಡ್ಡದು. ಕಣ್ಣಿನ ಪಾಪೆ ಅಲೆಯಂತೆ ಬಾಗಿರುತ್ತದೆ. ಮೈಮೇಲೆ ಕಂದು ಪಟ್ಟೆಗಳು ಹರಿದುಹೋಗುತ್ತವೆ, ಚರ್ಮ ನುಣ್ಣಗಿದ್ದದ್ದು ಕ್ಷಣದಲ್ಲಿ ಮುಳ್ಳುಮುಳ್ಳಾಗುತ್ತದೆ. ಎರಡು ತೋಳು ಮೇಲೆತ್ತಿದರೆ ನೀವು ತುಂಬಾ ಹತ್ತಿರ ಹೋಗಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ.

ಬ್ಲೂ ರಿಂಗ್ಡ್ ಆಕ್ಟೋಪಸ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕೆರಳಿದಾಗ ಮೈಮೇಲಿನ ನೀಲಿ ಉಂಗುರಗಳು ಹೊಳೆಯುತ್ತವೆ. ಅದರ ಕಡಿತ ಉಸಿರಾಟವನ್ನೇ ನಿಲ್ಲಿಸಬಲ್ಲದು. ಖಾಲಿ ಚಿಪ್ಪು, ಬಾಟಲಿ ಎತ್ತಿ ಒಳಗೆ ಇಣುಕುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಅದು ಅಡಗುವುದೇ ಅಂಥ ಕಡೆ. ಮೇಲಾಗಿ, ಈ ಕೊಲ್ಲಿಯಿಂದ ಸತ್ತ ಜೀವಿಯನ್ನೂ ತೆಗೆದುಕೊಂಡು ಹೋಗುವಂತಿಲ್ಲ.

9. ಮೇಲೆ ಬರುವುದು, ಆಮೇಲೆ

ಅದೇ ಗೆರೆಯಲ್ಲಿ ವಾಪಸ್ ಬರುವಾಗ ಆಳ ತಾನಾಗಿ ಕಡಿಮೆಯಾಗುತ್ತದೆ. 5 ಮೀಟರಿನಲ್ಲಿ ಮೂರು ನಿಮಿಷ ಕಳೆಯಿರಿ. ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗಲಿ ಅಂತ ಮಾಡುವ ಈ ನಿಲುಗಡೆಗೆ ಸೇಫ್ಟಿ ಸ್ಟಾಪ್ ಎನ್ನುತ್ತಾರೆ. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. ಉಸಿರು ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿ. ದಾರಿ ತಪ್ಪಿ ಮಧ್ಯದಲ್ಲಿ ಮೇಲೆ ಬರಬೇಕಾದರೆ ಮೊದಲು ಬಲೂನು ಹಾರಿಸಿ, ಕಯಾಕಿನವರಿಗೆ ಕಾಣಲಿ.

ದಡದಲ್ಲಿ ಅಲೆ ಇದ್ದರೆ ಅದಕ್ಕೆ ಬೆನ್ನು ಹಾಕಿ ನಿಲ್ಲಬೇಡಿ. ಫಿನ್ಸ್ ತೆಗೆಯುವ ತನಕ ರೆಗ್ಯುಲೇಟರ್ ಬಾಯಲ್ಲೇ ಇರಲಿ. ಹೆಚ್ಚಿನವರು ಬೀಳುವುದು ಮೊಣಕಾಲುದ್ದ ನೀರಿನಲ್ಲಿ.

ಸಾಮಾನನ್ನೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ನೀರು ಕುಡಿಯಿರಿ, ಬೆಚ್ಚಗೆ ಬಟ್ಟೆ ಹಾಕಿಕೊಳ್ಳಿ. ಕೀಲುನೋವು, ಕೈಕಾಲು ಜೋಮು, ವಿಪರೀತ ಸುಸ್ತು, ತಲೆಸುತ್ತು ಬಂದರೆ ನಿದ್ದೆ ಮಾಡಿದರೆ ಸರಿಹೋದೀತು ಅಂತ ಬಿಡಬೇಡಿ. ತುರ್ತಿದ್ದರೆ 000, ಡೈವಿಂಗ್ ಸಂಬಂಧಿ ತೊಂದರೆಗೆ ಆಸ್ಟ್ರೇಲಿಯಾದ ಡೈವರ್ಸ್ ಎಮರ್ಜೆನ್ಸಿ ಸರ್ವೀಸ್ 1800 088 200. ಆಸ್ಪತ್ರೆಯಲ್ಲೂ ಮೊದಲ ಮಾತೇ ಡೈವ್ ಮಾಡಿದ್ದೆ ಎಂಬುದಿರಲಿ.

ಬೆಂಗಳೂರಿನ ವಿಮಾನ ಹತ್ತುವವರಿಗೆ: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಿದ್ದರೆ 18 ಗಂಟೆ ಬಿಡಬೇಕು. ನಾನು ಎಲ್ಲರಿಗೂ ಒಂದು ಪೂರ್ತಿ ದಿನ ಬಿಡಿ ಅನ್ನುತ್ತೇನೆ. ಪ್ರವಾಸದ ಕೊನೆಯ ದಿನಕ್ಕೆ ಫೆರಿ, ಮ್ಯಾನ್ಲಿ ಸುತ್ತಾಟ ಇಟ್ಟುಕೊಂಡು, ಡೈವ್ ಅನ್ನು ಮೊದಲ ವಾರಕ್ಕೇ ಹಾಕಿಕೊಳ್ಳಿ. ಸಮುದ್ರ ಕೈಕೊಟ್ಟರೆ ಇನ್ನೊಂದು ದಿನ ಬರಲೂ ಸಮಯ ಸಿಗುತ್ತದೆ.